ಮೊದಲ ಟ್ರೇ, ಅರ್ಧ ಲೋಟ ಕಾಫಿ, ಅರವತ್ತನಾಲ್ಕು ಬೆಳಗು

2025 ಆಗಸ್ಟ್ 3, ಭಾನುವಾರ. ಬೆಳಿಗ್ಗೆ 7.10ಕ್ಕೆ ಬರೆಯಲು ಕುಳಿತಿದ್ದೇನೆ.

ಕೆಲಸದಿಂದ ನಿವೃತ್ತಳಾದವಳ ಬರಹ ಎಂದರೆ ಓದುವವರು ನರೆತ ತಲೆಯೊಂದನ್ನು ಊಹಿಸಿಕೊಳ್ಳುತ್ತಾರೆ. ನನಗೆ ಮೂವತ್ತೆರಡು. ಇಪ್ಪತ್ತೊಂದನೇ ವಯಸ್ಸಿಗೆ ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ಸೇರಿದೆ. ಕಳೆದ ವರ್ಷ ಬಲಗೈ ನಡುಗಲು ಶುರುವಾಯಿತು. ಅಪಾಯದ ಕಾಯಿಲೆ ಅಲ್ಲ ಎಂದರು ವೈದ್ಯರು. ಆದರೆ ನಡುಗುವ ಕೈಯಲ್ಲಿ ಇನ್ನೊಬ್ಬರ ನರಕ್ಕೆ ಸೂಜಿ ಹಾಕುವುದು ಸರಿಯಲ್ಲ ಎಂದು ನನಗೇ ಅನ್ನಿಸಿ ಬಿಟ್ಟೆ. ಹನ್ನೊಂದು ವರ್ಷ, ಹದಿನಾಲ್ಕು ನೋಟುಬುಕ್ಕು. ಈ ವರ್ಷ ಕೋರ್ಸು ಮುಗಿಸಿ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಕೆಲವರು ಬಂದು, ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿ ಎಂದು ಕೇಳಿದರು. ಅವರಿಗಾಗಿ ಇದು.

ಮೊದಲ ಗುರು ಬಸವರಾಜಪ್ಪ, ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಹೊಗಳಿದ್ದನ್ನು ನಾನು ಕೇಳಿಲ್ಲ. ಬೈಯುವಾಗಲೂ ದನಿ ಏರುತ್ತಿರಲಿಲ್ಲ, ಅದೇ ಹೆಚ್ಚು ನೋಯುತ್ತಿತ್ತು. ನಾನು ಸೇರಿದ ಮೂರನೇ ವಾರ ಶಾಮನೂರಿನಿಂದ ಒಬ್ಬ ಅಜ್ಜಿ ಮೊದಲ ಬಸ್ಸಿಗೇ ಬಂದಿದ್ದರು, ಬರಿಹೊಟ್ಟೆಯ ಸಕ್ಕರೆ ಪರೀಕ್ಷೆಗೆ. ಏನಾದರೂ ತಿಂದಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ರಕ್ತ ತೆಗೆದೆ. ಪಕ್ಕದಲ್ಲಿ ನಿಂತಿದ್ದ ಬಸವರಾಜಪ್ಪ ಮೂಗರಳಿಸಿ ವಾಸನೆ ಹಿಡಿದು, ಅಜ್ಜಿ, ಕಾಪಿ ಕುಡದು ಬಂದೀರಲ್ಲ ಎಂದರು. ಅಜ್ಜಿಗೆ ಸಿಟ್ಟು ಬಂತು.

“ಕುಡದೀನಿ. ನೀವು ತಿಂದೀಯಾ ಅಂತ ಕೇಳಿದ್ರಿ. ಕಾಪಿ ಏನು ತಿಂಡಿ ಏನಪ್ಪಾ? ಬಾಯಿ ತೊಳದಂಗೆ ಅದು.”

ಮೂರು ಚಮಚ ಸಕ್ಕರೆ ಹಾಕಿದ ಕಾಫಿ ಅದು. ತಪ್ಪು ಅಜ್ಜಿಯದಲ್ಲ, ನನ್ನ ಪ್ರಶ್ನೆಯದು. ಆ ದಿನದಿಂದ “ಎದ್ದ ಮೇಲೆ ಬಾಯಿಗೆ ಏನೇನು ಹೋಯಿತು?” ಎಂದು ಕೇಳತೊಡಗಿದೆ. ಲೆಕ್ಕ ಇಟ್ಟಿದ್ದೇನೆ: ಹಳೆಯ ಪ್ರಶ್ನೆಗೆ ನಲವತ್ತು ಜನರಲ್ಲಿ ಮೂವರು ಮಾತ್ರ ಏನೋ ತಿಂದದ್ದನ್ನು ಒಪ್ಪಿಕೊಂಡಿದ್ದರು. ಹೊಸ ಪ್ರಶ್ನೆಗೆ ನಲವತ್ತರಲ್ಲಿ ಹದಿನೇಳು.

ಇನ್ನೊಬ್ಬರು ನಿಜಲಿಂಗಪ್ಪ ಬಡಾವಣೆಯ ವ್ಯಾಪಾರಿ. ಸಕ್ಕರೆ ಪರೀಕ್ಷೆಯನ್ನು ಅವರು ವ್ರತದಂತೆ ಹಿಡಿಯುತ್ತಿದ್ದರು. ಮೂರು ದಿನ ಮುಂಚಿನಿಂದ ಹಾಗಲಕಾಯಿ, ಒಣ ರೊಟ್ಟಿ, ಬೇವಿನ ಎಲೆ. ವರದಿ ಚೆನ್ನಾಗಿ ಬಂದ ಸಂಜೆ ಮನೆ ಮಂದಿಗೆಲ್ಲ ಪೇಡೆ. ಎರಡು ವರ್ಷ ವರದಿಗಳು ಅವರನ್ನು ಹೊಗಳುತ್ತಲೇ ಇದ್ದವು, ಕಾಲಿನ ಗಾಯವೊಂದು ಮಾತ್ರ ಮಾಯಲಿಲ್ಲ. ಕೊನೆಗೆ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಮಾಡಿದಾಗ ನಿಜ ಹೊರಬಿತ್ತು. ಮೂರು ದಿನದ ವ್ರತಕ್ಕೆ ಮೂರು ತಿಂಗಳ ರಕ್ತ ಒಲಿಯುವುದಿಲ್ಲ. ಆಗ ಆ ಪರೀಕ್ಷೆ ನಮ್ಮಲ್ಲಿ ಅಪರೂಪ, ಈಗ ದಿನವೂ ಮಾಡುತ್ತಾರೆ. ನಾನು ಕಂಡ ಬದಲಾವಣೆಗಳಲ್ಲಿ ಇದೇ ದೊಡ್ಡದು.

ಇವೆರಡನ್ನೂ ಕಲಿತು ನನಗೆ ಎಲ್ಲ ಬರುತ್ತದೆ ಎಂದುಕೊಂಡಿದ್ದ ಹೊತ್ತಿಗೆ ಹರಿಹರಕ್ಕೆ ಕಳಿಸಿದರು. ಅಲ್ಲಿ ನಮ್ಮದೊಂದು ಸಣ್ಣ ಕೇಂದ್ರ. ರಕ್ತ ತೆಗೆದು ಐಸ್ ಪೆಟ್ಟಿಗೆಯಲ್ಲಿ ದಾವಣಗೆರೆಗೆ ಬಸ್ಸಿನಲ್ಲಿ ಕಳಿಸುವುದು, ಬೆರಳು ಚುಚ್ಚಿ ಮೀಟರಿನಲ್ಲಿ ನೋಡುವಂಥದ್ದನ್ನು ಅಲ್ಲೇ ನೋಡುವುದು. ಕೇಂದ್ರದ ಎಡ ಗೋಡೆ ಬೆಳಿಗ್ಗೆ ಬಿಸಿಯಾಗಿರುತ್ತಿತ್ತು, ಆಚೆ ಬೇಕರಿಯ ಒಲೆ. ತಿಂಡಿ ತಿಂದು ಎರಡು ಗಂಟೆ ಬಿಟ್ಟು ಬನ್ನಿ ಎಂದು ನಾವು ಹೇಳಿದವರಲ್ಲಿ ಅರ್ಧಕ್ಕರ್ಧ ಜನ ಆ ಬೇಕರಿಗೇ ಹೋಗುತ್ತಿದ್ದರು.

ಬೇಕರಿಯ ಮಾಸ್ಟರ್ ಹಾಲೇಶಣ್ಣ. ಐವತ್ತೆರಡು ವರ್ಷ, ಅದರಲ್ಲಿ ಮೂವತ್ತು ಒಲೆಯ ಮುಂದೆ. ಹೆಂಡತಿ ಗಂಗಕ್ಕ ಅಲ್ಲೇ ಬ್ರೆಡ್ ಕಟ್ಟುವ ಕೆಲಸ ಮಾಡುತ್ತಿದ್ದರು. ಆ ಬೇಕರಿಯಲ್ಲಿ ಒಂದು ಕ್ರಮವಿತ್ತು. ಆರೂವರೆಗೆ ದಿಲ್‌ಪಸಂದ್‌ನ ಮೊದಲ ಟ್ರೇ ಹೊರಗೆ ಬರುತ್ತದೆ. ಪದರದ ಹೊದಿಕೆಯೊಳಗೆ ಕೊಬ್ಬರಿ, ಸಕ್ಕರೆ, ಟೂಟಿ ಫ್ರೂಟಿ ತುಂಬಿದ ಚಪ್ಪಟೆ ತಿನಿಸು. ಮಾಸ್ಟರ್ ಒಂದನ್ನು ಎಂಟು ಹೋಳು ಮಾಡಿ, ಮಾಲೀಕರ ಎದುರು ನಿಂತು, ಕಾಫಿಯ ಜೊತೆ ಒಂದು ಹೋಳು ತಿನ್ನಬೇಕು. ಮಾಸ್ಟರ್ ತಲೆಯಾಡಿಸಿದರೆ ಶಟರ್ ಮೇಲೆ. ಇಲ್ಲದಿದ್ದರೆ ಟ್ರೇ ವಾಪಸು. ಬೇಕರಿ ತೆರೆದ ದಿನದಿಂದ ಹೀಗೆ. ಮಾಲೀಕರನ್ನು ಎಲ್ಲರೂ ಸಾಹುಕಾರ್ರು ಎನ್ನುತ್ತಿದ್ದರು. ಅವರಿಗೆ ಲಾಭಕ್ಕಿಂತ ಈ ಕ್ರಮದ ಮೇಲೆ ಹೆಚ್ಚು ನಂಬಿಕೆ.

2023ರ ಜನವರಿ ಕೊನೆಗೆ ಹಾಲೇಶಣ್ಣನಿಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಮೂರು ತಿಂಗಳ ಸರಾಸರಿ 8.9, ಏಳರ ಆಸುಪಾಸಿನಲ್ಲಿ ಇರಬೇಕಾದದ್ದು. ದಾವಣಗೆರೆಯ ವೈದ್ಯರು ಮಾತ್ರೆ ಕೊಟ್ಟು, ಸಿಹಿ ಬಿಡಿ ಎಂದರು. ಸಾಹುಕಾರ್ರಿಗೆ ಸುದ್ದಿ ಹೋಯಿತು. ಅವರು ಒರಟಾಗಿ ಏನೂ ಹೇಳಲಿಲ್ಲ. ಮೊದಲ ಹೋಳು ತಿನ್ನಲಾಗದವನು ಮಾಸ್ಟರ್ ಹೇಗಾದಾನು ಎಂದು ಕೇಳಿದರು, ಮೇ ಕೊನೆಯವರೆಗೆ ನೋಡೋಣ, ಆಮೇಲೆ ಬೇರೆಯವರನ್ನು ಹುಡುಕುತ್ತೇನೆ ಎಂದರು. ಹಾಲೇಶಣ್ಣ ಮರುದಿನ ಹಿಟ್ಟಿನ ಕೈಯಲ್ಲೇ ನಮ್ಮ ಕೇಂದ್ರಕ್ಕೆ ಬಂದು ಕುಳಿತರು.

“ತಂಗಿ, ಒಂದು ಹೋಳು. ಒಂದೇ. ಅದನ್ನ ತಿಂದೂ ಸಕ್ರೆ ನಿಲ್ಲಸಾಕ ಆಗ್ತೈತಾ ಇಲ್ಲಾ, ಅಷ್ಟು ಹೇಳು. ಇಲ್ಲಾ ಅಂದ್ರ ನಾನು ಒಲಿ ಮುಂದಿಂದ ಎದ್ದು ಹೋಗ್ತೀನಿ.”

ಹೇಳುವುದು ನಾನಲ್ಲ, ವೈದ್ಯರು ಎಂದೆ. ವೈದ್ಯರು, ದಿನವೂ ಅಳೆದು ತನ್ನಿ, ನೋಡೋಣ ಎಂದರು. ಫೆಬ್ರವರಿ 6, ಸೋಮವಾರ ಶುರು ಮಾಡಿದೆವು. ಬರಿಹೊಟ್ಟೆಯಲ್ಲಿ ಆರಕ್ಕೆ ಮೀಟರಿನ ಒಂದು ಓದು, ಹೋಳು ತಿಂದ ಎರಡು ಗಂಟೆಗೆ, ಅಂದರೆ ಎಂಟೂವರೆಗೆ ಇನ್ನೊಂದು. ಎರಡನೆಯದಕ್ಕೆ ಅವರು ಕೆಲಸದ ನಡುವೆ ಓಡಿ ಬರುತ್ತಿದ್ದರು. ನಾನು ಕಲಿತಂತೆ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಚುಚ್ಚುತ್ತಿದ್ದೆ.

ಮೊದಲ ದಿನ 131, ಆಮೇಲೆ 268. ಮೂರನೇ ದಿನ 128, ಆಮೇಲೆ 301. ಹೋಳನ್ನು ಅರ್ಧ ಮಾಡಿದರೂ 290ರ ಮೇಲೆ. ಹತ್ತು ದಿನದ ಪಟ್ಟಿ ವೈದ್ಯರಿಗೆ ಹೋಯಿತು, ಮಾತ್ರೆ ಹೆಚ್ಚಾಯಿತು. ಹಾಲೇಶಣ್ಣ ಹೆದರಿ ತಿಂಡಿಗೆ ತಿನ್ನುತ್ತಿದ್ದ ಖಾರಾ ಬನ್ ಬಿಟ್ಟರು, ಆಮೇಲೆ ಹೋಳನ್ನೂ ಬಿಟ್ಟರು. ಕೊನೆಯ ನಾಲ್ಕು ದಿನ ಬೆಳಿಗ್ಗೆ ಸಕ್ಕರೆ ಇಲ್ಲದ ಕಾಫಿ ಮಾತ್ರ. ಎಂಟೂವರೆಯ ಓದು ಆಗಲೂ 270, 294. ಬರಿಹೊಟ್ಟೆಯ ಓದು ಮಾತ್ರ 90ಕ್ಕೆ ಇಳಿದಿತ್ತು. ಎರಡು ಅಂಕಿ ಇಷ್ಟು ದೂರ ನಿಂತು ಕೂಗುತ್ತಿದ್ದರೂ ನನಗೆ ಕೇಳಲಿಲ್ಲ. ನಾನು ಅವನ್ನು ಅಂದವಾಗಿ ಎರಡು ಕಂಬಸಾಲಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಹಾಲೇಶಣ್ಣನ ಹೋಳು ಪರೀಕ್ಷೆಗೆ ಮಾತ್ರ; ಶಟರ್ ಎತ್ತಿಸುವ ಮೊದಲ ಹೋಳನ್ನು ಆ ದಿನಗಳಲ್ಲಿ ಸಾಹುಕಾರ್ರು ತಾವೇ ತಿನ್ನುತ್ತಿದ್ದರು. ಅವರಿಗೆ ಎಲ್ಲವೂ ಚೆನ್ನಾಗಿತ್ತು. ಒಂದು ದಿನ ಕಪ್ಪಾದ ಕೊಬ್ಬರಿಯ ಟ್ರೇಯನ್ನೂ ಚೆನ್ನಾಗಿದೆ ಎಂದು ಮಾರಾಟಕ್ಕೆ ಬಿಟ್ಟರು. ಹಾಲೇಶಣ್ಣ ಅದನ್ನು ಹೇಳಿ ನಗಲೂ ಇಲ್ಲ.

ಫೆಬ್ರವರಿ 25, ಶನಿವಾರ, 8.34. ಹಾಲೇಶಣ್ಣನನ್ನು ಗಂಗಕ್ಕ ತೋಳು ಹಿಡಿದು ಕರೆತಂದರು. ಅಂಗಿ ಬೆವರಿನಿಂದ ಒದ್ದೆ. ಒಲೆಯ ಬಿಸಿ ಎಂದುಕೊಂಡೆ. ಕೈ ನಡುಗುತ್ತಿತ್ತು. ಹೆಸರು ಕೇಳಿದರೆ ಹೇಳಿದರು, ವಾರ ಕೇಳಿದರೆ ತಡವರಿಸಿದರು. ಮೀಟರು 289 ತೋರಿಸಿತು. ಗಂಗಕ್ಕ ಓಡಿಹೋಗಿ ಬೇಕರಿಯಿಂದ ಲೋಟದಲ್ಲಿ ಸಕ್ಕರೆ ನೀರು ತಂದರು. ನಾನು ಅವರ ಕೈ ಹಿಡಿದು ತಡೆದೆ. ಅಕ್ಕಾ, ಬ್ಯಾಡ, ಸಕ್ಕರೆ ಆಗಲೇ ಮುನ್ನೂರರ ಹತ್ತಿರ ಇದೆ ಎಂದೆ. ಆ ಲೋಟವನ್ನು ಮೇಜಿನ ಮೇಲಿಟ್ಟು ಬಸವರಾಜಪ್ಪನವರಿಗೆ ಫೋನು ಮಾಡಿದೆ, ದಾವಣಗೆರೆಗೆ ಕಳಿಸಲು ಗಾಡಿ ಕೇಳಲು.

ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದು ಇಷ್ಟು: “ಮನುಷ್ಯ ಬೆವರ್ತಾನ, ನಡುಗ್ತಾನ ಅಂತೀ. ಮೀಟರು ಸಕ್ರೆ ಜಾಸ್ತಿ ಐತೆ ಅಂತೈತೆ. ಇಬ್ಬರಾಗ ಸುಳ್ಳು ಹೇಳೋದು ಯಾರಿಗೆ ಸುಲಭ? ಮೊದ್ಲು ಆ ನೀರು ಕುಡಸು. ಆಮ್ಯಾಲೆ ನಲ್ಲಿ ಕೆಳಗ ಕೈ ತೊಳಸಿ, ಒರಸಿ, ಇನ್ನೊಮ್ಮೆ ನೋಡು.”

ಕುಡಿಸಿದೆ. ನುಂಗಿದರು. ಸೋಪು ಹಚ್ಚಿ ಕೈ ತೊಳೆಸಿ ಅದೇ ಬೆರಳನ್ನು ಚುಚ್ಚಿದೆ. 52.

ಅದೇ ಬೆರಳು, ಆರು ನಿಮಿಷದ ಅಂತರ, 289 ಮತ್ತು 52. ಎಪ್ಪತ್ತರ ಕೆಳಗೆ ಇಳಿದರೇ ಅಪಾಯ. ಹದಿನೈದು ನಿಮಿಷ ಬಿಟ್ಟು 84. ಬೆವರು ಆರಿತು. ಹಾಲೇಶಣ್ಣ ಸುತ್ತ ನೋಡಿ, ಇವತ್ತು ಶನಿವಾರ ಅಲ್ಲೇನು ಎಂದರು. ಗಂಗಕ್ಕ ಆಗ ಅತ್ತರು. ನನ್ನ ಕಡೆ ನೋಡಲಿಲ್ಲ.

ಕಾರಣ ಹುಡುಕಲು ಬೇಕರಿಯೊಳಗೆ ಹೋದೆ. ದಿನವೂ ಎಂಟರಿಂದ ಎಂಟೂವರೆಯವರೆಗೆ ಹಾಲೇಶಣ್ಣ ಹನಿ ಕೇಕಿಗೆ ಪಾಕ ಸವರಿ ಜಾಮ್ ಬಳಿಯುತ್ತಿದ್ದರು. ಪಾಕಕ್ಕೆ ಡಬ್ಬಿಯಿಂದ ಲಿಕ್ವಿಡ್ ಗ್ಲೂಕೋಸ್ ಹಾಕುತ್ತಾರೆ. ಅದನ್ನೇ ಮೀಟರು ಹುಡುಕುವುದು. ಟವೆಲಿಗೆ ಕೈ ಒರೆಸಿಕೊಂಡು ಓಡಿ ಬರುವಾಗ ಬೆರಳ ತುದಿಯಲ್ಲಿ ಅದರ ತೆಳುವಾದ ಪೊರೆ ಒಣಗಿರುತ್ತಿತ್ತು, ಕಣ್ಣಿಗೆ ಕಾಣದು. ಸ್ಪಿರಿಟ್ ಹತ್ತಿಗೆ ಅದು ಪೂರ್ತಿ ಹೋಗುವುದಿಲ್ಲ, ನೀರು ಬೇಕು. ಬೆಳಿಗ್ಗೆ ಆರಕ್ಕೆ ಪಾಕದ ಕೆಲಸ ಇರಲಿಲ್ಲ, ಅದಕ್ಕೇ ಆ ಓದು ಸರಿಯಾಗಿತ್ತು. ಪರೀಕ್ಷಿಸಲು ನನ್ನ ಬೆರಳಿಗೆ ಆ ಪಾಕವನ್ನು ಮುಟ್ಟಿಸಿ, ಒಣಗಿಸಿ, ಹತ್ತಿಯಿಂದ ಒರೆಸಿ ಚುಚ್ಚಿಕೊಂಡೆ. ನನಗೆ ಸಕ್ಕರೆ ಕಾಯಿಲೆ ಇಲ್ಲ. ಮೀಟರು 247 ಎಂದಿತು.

ಆ ಅಂಕಿಯನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ತೂಕಕ್ಕೆ ಸಿಗದಷ್ಟು ಸಣ್ಣದೊಂದು ಪೊರೆ ಒಬ್ಬ ಮನುಷ್ಯನ ಮಾತ್ರೆಯನ್ನು ಹೆಚ್ಚಿಸಿತ್ತು, ಅವನ ತಿಂಡಿ ಬಿಡಿಸಿತ್ತು, ಅವನನ್ನು ಸಾವಿನ ಹತ್ತಿರಕ್ಕೆ ಒಯ್ದಿತ್ತು. ಒಯ್ದವಳು ನಾನು.

ಸೋಮವಾರ ನೋಟುಬುಕ್ಕು ಹಿಡಿದು ದಾವಣಗೆರೆಗೆ ಹೋದೆ. ಎಂಟೂವರೆಯ ಇಪ್ಪತ್ತು ಓದುಗಳ ಮೇಲೂ ಕೆಂಪು ಗೀಟು ಎಳೆದಿದ್ದೆ. ವೈದ್ಯರು ಪ್ರತಿ ಗೀಟನ್ನೂ ನೋಡಿದರು. ಬೈಯಲಿಲ್ಲ. ಶನಿವಾರವೇ ಫೋನಿನಲ್ಲಿ ನಿಲ್ಲಿಸಲು ಹೇಳಿದ್ದ ಮಾತ್ರೆಯನ್ನು ಈಗ ಬದಲಿಸಿ ಬರೆದು, ಒಂದು ವಾರ ಹೋಳಿಲ್ಲದೆ, ತೊಳೆದ ಕೈಯಿಂದ ಅಳೆದು ನೋಡಿ, ಆಮೇಲೆ ಹೋಳು ಮತ್ತೆ ಶುರು ಮಾಡಿ ಎಂದರು. ವಾಪಸು ಬಂದು ಹಾಲೇಶಣ್ಣನ ಮುಂದೆ ನಿಂತು ತಪ್ಪು ನನ್ನದು ಎಂದೆ. ಅವರು ಹಿಟ್ಟು ನಾದುತ್ತಲೇ ಇದ್ದರು.

“ಮೂರು ವಾರ ಕೇಕಿನ ಸಕ್ರೆ ಅಳದೀ ನೀನು,” ಎಂದರು. “ನಾಳೆಯಿಂದ ನನ್ನದು ಅಳಿ.”

ಗಂಗಕ್ಕ ಮಾತ್ರ ಇನ್ನೆರಡು ವಾರ ನನ್ನೊಡನೆ ಮಾತಾಡಲಿಲ್ಲ. ಪ್ರತಿ ಬೆಳಿಗ್ಗೆ ಗಂಡನ ಕೈಯನ್ನು ತಾವೇ ನಲ್ಲಿಗೆ ಹಿಡಿದು ತೊಳೆಸಿ, ಮಗುವನ್ನು ಶಾಲೆಗೆ ಬಿಡುವಂತೆ ನಮ್ಮ ಬಾಗಿಲಲ್ಲಿ ಬಿಟ್ಟು ಹೋಗುತ್ತಿದ್ದರು.

ಆ ಸೋಮವಾರವೇ ಬಸವರಾಜಪ್ಪನವರನ್ನೂ ಕಂಡಿದ್ದೆ. ಅವರು ಟೀ ಚಮಚದಲ್ಲಿ ಸಕ್ಕರೆ ತೆಗೆದು ಕಾಗದದ ಮೇಲೆ ಸುರಿದು, ನಿನ್ನ ಮೈಯಾಗಿನ ಐದು ಲೀಟರ್ ರಕ್ತದಾಗ ಇರೋದು ಒಟ್ಟು ಇಷ್ಟೇ ಎಂದರು. ಲೆಕ್ಕ ಮಾಡಿ ನೋಡಿದೆ. ಡೆಸಿಲೀಟರಿಗೆ ನೂರು ಮಿಲಿಗ್ರಾಂ, ಐದು ಲೀಟರಿಗೆ ಐದು ಗ್ರಾಂ, ಸರಿಯಾಗಿತ್ತು. ಹಬ್ಬದ ದಿನ ಆರು ಹೋಳಿಗೆ ತಿಂದವರಲ್ಲೂ, ಏಕಾದಶಿಗೆ ನೀರು ಮಾತ್ರ ಕುಡಿದವರಲ್ಲೂ, ಆರೋಗ್ಯವಾಗಿರುವ ದೇಹ ಆ ಒಂದು ಚಮಚದ ಆಸುಪಾಸಿನಲ್ಲೇ ಅದನ್ನು ಹಿಡಿದಿಡುತ್ತದೆ. ಹಗಲೂ ರಾತ್ರಿ, ಯಾರೂ ಹೇಳದೆ. ಒಂಬತ್ತು ವರ್ಷ ರಕ್ತ ಮುಟ್ಟಿದ ಮೇಲೆ ನನಗೆ ಅದು ಮೊದಲ ಸಲ ತಿಳಿದಂತಾಯಿತು.

ಮಾರ್ಚ್ 6, ಸೋಮವಾರ ಎರಡನೇ ಸುತ್ತು. ಮಾಲೀಕರ ಎದುರಿನ ಹೋಳಲ್ಲ ಇದು, ಒಳಕೋಣೆಯಲ್ಲಿ ಪರೀಕ್ಷೆಗೆಂದು ತಿನ್ನುವ ಹೋಳು. ಮೊದಲ ಏಳು ದಿನ ಬರಿಹೊಟ್ಟೆಗೆ ಎಂಟರಲ್ಲೊಂದು ಹೋಳು, ಸಕ್ಕರೆ ಇಲ್ಲದ ಅರ್ಧ ಲೋಟ ಕಾಫಿ. ಎರಡು ಗಂಟೆಯ ಓದಿನ ಸರಾಸರಿ 186. ಹಾಲೇಶಣ್ಣ ಮುಖ ಸಣ್ಣದು ಮಾಡಿಕೊಂಡರು. ಆಗ ಗಂಗಕ್ಕ ಮೌನ ಮುರಿದರು.

“ಮದುವಿ ಊಟದಾಗ ಎಲಿ ಮ್ಯಾಲೆ ಮೊದ್ಲು ಸಿಹಿ ತಿಂದು ಕೈ ತೊಳಕೊಳ್ಳೋರ್ನ ಯಾರ್ನಾರ ನೋಡೀರೇನು? ಕೋಸಂಬರಿ ತಿಂದು ಆಮ್ಯಾಲೆ ತಿನ್ರಿ.”

ವೈದ್ಯರನ್ನು ಕೇಳಿದೆ. ಒಳ್ಳೆಯ ಮಾತು, ಮಾಡಿ ಎಂದರು. ಎರಡನೇ ವಾರ ಮೊದಲು ಒಂದು ಬಟ್ಟಲು ಹೆಸರುಬೇಳೆ, ಸೌತೆಕಾಯಿಯ ಕೋಸಂಬರಿ, ಹತ್ತು ನಿಮಿಷ ಬಿಟ್ಟು ಅದೇ ಹೋಳು, ಅದೇ ಕಾಫಿ. ಸರಾಸರಿ 158. ಮೂರನೇ ವಾರದಿಂದ ತಿಂದ ಕೂಡಲೇ ಹೊಳೆಯ ಕಡೆಗೆ ಇಪ್ಪತ್ತು ನಿಮಿಷದ ನಡಿಗೆ ಸೇರಿತು. ಆ ವಾರದ ಸರಾಸರಿ 141ಕ್ಕೆ ಬಂತು. ಅದೇ ಮನುಷ್ಯ, ಅದೇ ಒಲೆ, ಅದೇ ಹೋಳು. ಮುಂದೆ ಬಂದದ್ದನ್ನು ಹಿಂದೆ ಹಾಕಿ, ಕುಳಿತವನನ್ನು ಎಬ್ಬಿಸಿ ನಡೆಸಿದ್ದಕ್ಕೆ ನಲವತ್ತೈದು ಅಂಕಿ ಇಳಿಯಿತು. ಆ ವಾರದ ಪುಟದಲ್ಲಿ ನಾನು ಅಂಕಿಗಳ ಕೆಳಗೆ ಏನೂ ಬರೆದಿಲ್ಲ, ಎರಡು ಗೆರೆ ಎಳೆದಿದ್ದೇನೆ ಅಷ್ಟೇ.

ಕೆಲಸಕ್ಕೆ ಹೊಸದಾಗಿ ಬರುವವರು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಿ. ಇದು ಒಬ್ಬರ ಲೆಕ್ಕ. ಇದೇ ಹೋಳು ಇನ್ನೊಬ್ಬರಲ್ಲಿ ಬೇರೆ ಅಂಕಿ ತೋರಿಸಿದ್ದನ್ನೂ ನೋಡಿದ್ದೇನೆ. ಕಾಫಿ, ಬನ್ ತಿನ್ನಬಹುದೇ ಎಂದು ನಿಮ್ಮನ್ನು ಕೇಳುವವರು ದಿನಕ್ಕೆ ಹತ್ತು ಜನ ಇರುತ್ತಾರೆ. ಅಳೆದು ಕೊಡಿ, ಉತ್ತರವನ್ನು ವೈದ್ಯರು ಹೇಳಲಿ. ಅಳೆಯುವ ಮುನ್ನ ಕೈ ತೊಳೆಸಿ.

ಮೇ 8ಕ್ಕೆ ಅರವತ್ತನಾಲ್ಕು ಬೆಳಗು ಮುಗಿದವು. ಮೇ 9ರಂದು ಪಟ್ಟಿ ನೋಡಿದ ವೈದ್ಯರು, ಈ ಕ್ರಮ ತಪ್ಪದಿದ್ದರೆ ಒಂದು ಹೋಳು ತಿನ್ನಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಹಾಲೇಶಣ್ಣ ಚೀಟಿಯನ್ನು ಸಾಹುಕಾರ್ರ ಕೈಗೆ ಕೊಡಲಿಲ್ಲ, ಶಟರಿನ ಪಕ್ಕದ ಗೋಡೆಗೆ ಅಂಟಿಸಿದರು.

ಮೇ 10, ಬುಧವಾರ. ನನಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ಹೋಗಿ ನಿಂತೆ. ಕೋಸಂಬರಿಯ ಬಟ್ಟಲು ಖಾಲಿಯಾಗಿತ್ತು. ಆರೂವರೆಗೆ ಮೊದಲ ಟ್ರೇ ಹೊರಬಂತು. ಹಾಲೇಶಣ್ಣ ಒಂದನ್ನು ಎಂಟು ಹೋಳು ಮಾಡಿದರು. ಸಾಹುಕಾರ್ರ ಕೈ ಶಟರಿನ ಮೇಲಿತ್ತು. ಗಂಗಕ್ಕ ಬ್ರೆಡ್ ಕಟ್ಟುವುದನ್ನು ನಿಲ್ಲಿಸಿದರು. ಹಾಲೇಶಣ್ಣ ಕಣ್ಣು ಮುಚ್ಚಿ ನಿಧಾನ ಅಗಿದರು, ಒಂದು ಗುಟುಕು ಕಾಫಿ ಕುಡಿದರು, ಮತ್ತೆ ಅಗಿದರು. ಮೂರು ತಿಂಗಳು ಆ ಬೇಕರಿಯಲ್ಲಿ ಯಾರೂ ಹೇಳದ ಮಾತನ್ನು ಹೇಳಿದರು.

“ವಾಪಸು. ಕೊಬ್ಬರಿ ಹಳೇದು.”

ಸಾಹುಕಾರ್ರು ಶಟರಿನಿಂದ ಕೈ ತೆಗೆದು ಟ್ರೇಯನ್ನು ತಾವೇ ಎತ್ತಿ ಒಳಗಿಟ್ಟರು. ಬೇರೆ ಮಾಸ್ಟರನ್ನು ಹುಡುಕುವ ಮಾತು ಮತ್ತೆ ಬರಲಿಲ್ಲ. ಆ ದಿನ ಬೇಕರಿ ಏಳೂ ಇಪ್ಪತ್ತಕ್ಕೆ ತೆರೆಯಿತು. ಎಂಟೂವರೆಯ ಓದು 138. ಜೂನ್‌ನಲ್ಲಿ ಮೂರು ತಿಂಗಳ ಸರಾಸರಿ 7.1.

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ನೋಟುಬುಕ್ಕಿನಲ್ಲಿ ಇನ್ನೊಂದು ಲೆಕ್ಕವಿದೆ. ಕೋಸಂಬರಿ, ನಡಿಗೆ ಎರಡೂ ಇದ್ದ ಬೆಳಗುಗಳು ಐವತ್ತು. ಅವುಗಳಲ್ಲಿ ಮೂವತ್ತೈದು ದಿನ ಓದು ವೈದ್ಯರು ಹೇಳಿದ್ದ 150ರ ಒಳಗೆ. ಹದಿನೈದು ದಿನ ಅದು ದಾಟಿತು. ನಾಲ್ಕಕ್ಕೆ ಕಾರಣ ಸಿಕ್ಕಿದೆ: ಎರಡು ದಿನ ಜ್ವರ, ಎರಡು ದಿನ ನಿದ್ದೆಗೆಟ್ಟದ್ದು. ಉಳಿದ ಹನ್ನೊಂದು ದಿನ ಹೋಳು ಅದೇ ತೂಕ, ಕಾಫಿ ಅದೇ ಅಳತೆ, ಮಾತ್ರೆ ಅದೇ ಹೊತ್ತು, ಕೈ ಎರಡು ಸಲ ತೊಳೆದದ್ದು. ದಾವಣಗೆರೆಯ ಲ್ಯಾಬಿನಲ್ಲಿ ನರದ ರಕ್ತ ತೆಗೆದು ನೋಡಿದ ಮೂರು ದಿನವೂ ಮೀಟರಿನ ಮಾತು ನಿಜವಾಗಿತ್ತು. ಆದರೂ 170, 182, ಒಂದು ದಿನ 193. ಬಿಸಿಲು, ಜಗಳ, ಹಬ್ಬ, ಒಲೆಯ ಕಾವು, ಹಿಂದಿನ ರಾತ್ರಿಯ ಊಟ ಎಲ್ಲವನ್ನೂ ಪಕ್ಕದಲ್ಲಿಟ್ಟು ನೋಡಿದೆ. ಯಾವುದೂ ಹನ್ನೊಂದಕ್ಕೂ ಹೊಂದಲಿಲ್ಲ. ವೈದ್ಯರನ್ನು ಕೇಳಿದೆ, ದೇಹ ಎಂದರೆ ಹಾಗೇ ಎಂದರು. ಬಸವರಾಜಪ್ಪನವರು ಪಟ್ಟಿಯನ್ನು ತಮ್ಮಲ್ಲೇ ಎರಡು ದಿನ ಇಟ್ಟುಕೊಂಡು, ನನಗೂ ತಿಳೀಲಿಲ್ಲ ಎಂದು ಹಿಂದೆ ಕೊಟ್ಟರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ಒಂದೇ ಬಗೆಯ ಬೆಳಗುಗಳಲ್ಲಿ ರಕ್ತ ಹೀಗೆ ಬೇರೆಯಾಗಿ ನಡೆದುಕೊಂಡದ್ದನ್ನು ನೀವೂ ಅಳೆದು ಬರೆದಿಟ್ಟುಕೊಂಡಿದ್ದರೆ, ನೀವು ಟೆಕ್ನಿಷಿಯನ್ ಆಗಿರಿ, ವೈದ್ಯರಾಗಿರಿ, ಒಲೆಯ ಮುಂದೆ ನಿಲ್ಲುವವರಾಗಿರಿ, ದಯವಿಟ್ಟು ನನಗೆ ಬರೆಯಿರಿ. ತಾರೀಖು, ಹೊತ್ತು, ತಿಂದದ್ದು, ಅಂಕಿ, ಇಷ್ಟು ಇದ್ದರೆ ಸಾಕು. ಆ ಹನ್ನೊಂದು ದಿನಗಳ ಮುಂದೆ ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ.